ಅಂಚಿನ ಲಾಳಿ

ಹಾರ್ಮೋನಿಯಂನ ತಿದಿಗೆ ಎಲ್ಲೋ ತೂತು ಬಿದ್ದಿದೆ, ಸ್ವರದ ಹಿಂದೆಯೇ ಗಾಳಿಯೂ ಬರುತ್ತಿದೆ, ಉಬ್ಬಸದವರ ಉಸಿರಿನಂತೆ, ಇದನ್ನು ಬೇರೆ ಯಾರೂ ಗಮನಿಸಿದಂತಿಲ್ಲ, ನಾನೊಬ್ಬನೇ ಅದಕ್ಕೆ ಕಿವಿ ಕೊಟ್ಟು ಕೂತಿದ್ದೇನೆ, ಮುಂದೆ ಬರುವುದನ್ನು ಕೇಳುವುದಕ್ಕಿಂತ ಗಾಳಿಯನ್ನು ಕೇಳುವುದೇ ಮೇಲು — ಮಠದ ದಾಸೋಹದ ಕೋಣೆ, ನೆಲಕ್ಕೆ ಜಮಖಾನೆ, ಗೋಡೆಗೆ ಪರದೆಯ ಬದಲು ಎರಡು ಸೀರೆ ಕಟ್ಟಿದ್ದಾರೆ, ಒಂದು ನಮ್ಮ ನಾರಾಯಣಪೇಟೆಯದು, ಒಂದು ಗದ್ವಾಲದ್ದು, ಊಟಕ್ಕೆ ಕೂತವರಷ್ಟೇ ಜನ, ನನ್ನ ಪಕ್ಕಕ್ಕೆ ನಮ್ಮ ಓಣಿಯ ಬುಗ್ಗಮ್ಮ ಕಾಲು ಚಾಚಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಾಳೆ, ತೆಲುಗು ನಾಡು ಎರಡಾಗಿ ಹೊಸ ರಾಜ್ಯ ಬಂದ ಮೇಲಿನ ಮೊದಲ ಕಾರ್ತಿಕ ಸೋಮವಾರ, ಹೊರಗೆ ದೀಪ ಹಚ್ಚುತ್ತಿದ್ದಾರೆ, ಎಣ್ಣೆಯ ವಾಸನೆ ಒಳಗೂ ಬರುತ್ತಿದೆ. ನಾನು ಬರಬಾರದಿತ್ತು. ನನ್ನ ಹೆಂಡತಿ ಲಿಂಗೈಕ್ಯಳಾದದ್ದು ಆಷಾಢದಲ್ಲಿ, ಇನ್ನೂ ಅವಳ ಮಡಚಿದ ಸೀರೆಗಳನ್ನು ಮುಟ್ಟಿಲ್ಲ, ನಾಟಕ ನೋಡುವ ಹೊತ್ತೇ ಇದು, ಆದರೆ ಅಣ್ಣನ ಮಗ ಪರಮೇಶ ಬಿಡಲಿಲ್ಲ, ಕಾಕಾ, ಊರೂರಾಗ ಎಲ್ಲಾರೂ ತಮ್ಮ ತಮ್ಮ ಹಾಡು ಹುಡುಕಾಕ ಹತ್ಯಾರ, ನಮ್ಮ ಮನ್ಯಾಗ ಇಡೀ ನಾಟಕನೇ ಐತಿ. ಬಿದ್ದ ನಾಟಕಪ್ಪಾ ಅದು, ಎಂದೆ. ಬಿದ್ದಿದ್ದನ್ನೇ ಎಬ್ಬಿಸಬೇಕ್ರಿ ಕಾಕಾ, ನಿಂತಿದ್ದನ್ನ ಯಾರರ ಎಬ್ಬಿಸ್ತಾರೇನು. ಮತ್ತೆ ನಗ್ತಾರಪ್ಪಾ, ಎಂದೆ. ನಗಲಿ ಬಿಡ್ರಿ, ಮನಿ ಮಂದಿನೇ ಇರ್ತಾರ. ಮನೆಯವರು ನಕ್ಕರೆ ನೋಯುವುದಿಲ್ಲ ಎಂದು ಇವನಿಗೆ ಯಾರು ಹೇಳಿದರೋ.

ಇಗೋ ಶಿವ ಬಂದ, ಜಂಗಮನ ವೇಷದಲ್ಲಿ, ಜೋಳಿಗೆ, ಬೆತ್ತ, ನೇಕಾರನ ಬಾಗಿಲಲ್ಲಿ ನಿಂತು ಮೈ ಮುಚ್ಚುವ ಬಟ್ಟೆ ಬೇಡುತ್ತಾನೆ, ಕಥೆ ಇಷ್ಟೇ, ನಾನೇ ಕಟ್ಟಿದ್ದು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ನೇಯುತ್ತ ನೇಯುತ್ತ ಕಟ್ಟಿದ್ದು, ಕಾಲು ತುಳಿದಂತೆ ತಾಳ, ಲಾಳಿ ಹೋದಂತೆ ಸಾಲು. ನೇಕಾರನ ಪಾತ್ರಕ್ಕೆ ಗಣೇಶ, ನೇಕಾರ ನರಸಯ್ಯನ ಮಗ, ಮನೆಮಾತು ತೆಲುಗು, ಕನ್ನಡ ತೂಗಿ ತೂಗಿ ಆಡುತ್ತಾನೆ, ಗಂಟಲು ಚೆನ್ನಾಗಿದೆ, ಈಗ ಕೂತ, ಈಗ ಹಾಡುತ್ತಾನೆ, ಸಾಲು ಮುಗಿಯುತ್ತದೆ, ಆಮೇಲೆ ಆ ತೆರಪು ಬರುತ್ತದೆ — ಶಿವನೇ, ಆ ತೆರಪು. ಪ್ರತಿ ಸಾಲಿನ ಕೊನೆಗೆ ಒಂದು ತೆರಪು ಇತ್ತು, ಅದಿಲ್ಲದೆ ನನಗೆ ಹಾಡಲು ಬರುತ್ತಿರಲಿಲ್ಲ, ಸಾಲು ಮುಗಿಸಿ ನಿಲ್ಲಬೇಕು, ನಿಂತು ಮುಂದಿನದು ಎತ್ತಬೇಕು. ಎಮರ್ಜೆನ್ಸಿಯ ವರ್ಷ ಮಕ್ತಲ್‌ನಲ್ಲಿ ಡೇರೆ ಹೊಡೆದು ಆಡಿದೆವು, ನೇಕಾರ ನಾನೇ, ಮೀಸೆ ಅಂಟಿಸಿಕೊಂಡು, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮೊದಲ ಸಾಲು ಹಾಡಿ ನಿಂತೆ, ಜನ ಕಾದರು, ಎರಡನೆಯ ಸಾಲು ಹಾಡಿ ನಿಂತೆ, ಹಿಂದಿನಿಂದ ನಮ್ಮೂರ ಯಲ್ಲಯ್ಯ ಕೂಗಿದ, ಮರ್ಚಿಪೋಯಿಂಡುರೋ, ಮರೆತಾನೋ, ಯಾರರ ಹೇಳಿಕೊಡ್ರೋ, ಡೇರೆಯೇ ಹಾರಿಹೋಗುವಂತೆ ನಕ್ಕರು, ಆಮೇಲೆ ನಾನು ನಿಂತಾಗಲೆಲ್ಲ ಡೇರೆಗೆ ಡೇರೆಯೇ ಬಾಯಿಗೆ ಬಂದ ಸಾಲು ಹೇಳಿಕೊಟ್ಟಿತು, ಉಪ್ಪಿಟ್ಟು ತಿಂದೇನ್ಲೇ ಶಿವಾ, ಎತ್ತು ಕಟ್ಟಿ ಬಾರೋ ಶಿವಾ, ಜಂಗಮನ ವೇಷದವನು ಜೋಳಿಗೆಯಲ್ಲಿ ಮುಖ ಮುಚ್ಚಿ ನಗುತ್ತಿದ್ದ. ಮುಂದೆ ಹೊಳೆಯಾಚೆ ಗದ್ವಾಲದಲ್ಲಿ ಆಡಬೇಕಿದ್ದ ಆಟ ಅಲ್ಲಿಗೇ ನಿಂತಿತು, ಹೊಳೆ ದಾಟುವ ಮಾತೇ ಬರಲಿಲ್ಲ, ಪರದೆ ಕತ್ತರಿಸಿ ಮಗ್ಗಕ್ಕೆ ಹೊದಿಸಿದೆವು, ಧೂಳು ಬೀಳದಿರಲಿ ಎಂದು.

ಗಣೇಶ ಎತ್ತಿದ, ಹಾಸು ನೀನೇ ಹಾಸಿಕೊಟ್ಟೆ ಶಿವನೇ — ಮುಗಿಯಿತು, ಸಾಲು ಮುಗಿಯಿತು, ನಾನು ಶಲ್ಯದೊಳಗೆ ಮುಷ್ಟಿ ಬಿಗಿ ಹಿಡಿದೆ, ಈಗ ಯಾರಾದರೂ ಕೂಗುತ್ತಾರೆ, ಯಲ್ಲಯ್ಯ ಸತ್ತು ಎಷ್ಟೋ ಕಾಲವಾಯಿತು, ಆದರೆ ಯಲ್ಲಯ್ಯಂದಿರು ಹುಟ್ಟುತ್ತಲೇ ಇರುತ್ತಾರೆ — ಹೊಕ್ಕು ನಾವು ಹೋಗಿ ಬರುವೆವೋ. ಯಾರದು, ಹೆಣ್ಣು ದನಿ, ಕೆಳಗಿನ ದನಿ, ನೀರಿನ ತಂಬಿಗೆ ಇಟ್ಟು ಒಳಗೆ ಹೋಗಬೇಕಾದ ನೇಕಾರನ ಹೆಂಡತಿ ಒಳಗೆ ಹೋಗದೆ ಗಣೇಶನ ಬಲಕ್ಕೆ ಕೂತಿದ್ದಾಳೆ, ನವನೀತಾ, ಅವನ ತಂಗಿ, ನನ್ನ ನಾಟಕದಲ್ಲಿ ಆ ಪಾತ್ರಕ್ಕೆ ಹಾಡೇ ಇಲ್ಲವಲ್ಲ. ಬಣ್ಣ ನೀನೇ ಬಿಟ್ಟುಕೊಟ್ಟೆ ಶಿವನೇ, ಗಣೇಶ ನಿಂತ, ಅವಳು, ಮಾಸಿದ್ದು ನಮ್ಮದಿರಲಿಯೋ. ಎಲ್ಲಿಂದ ತಂದಳು ಇದನ್ನು, ನನ್ನದಲ್ಲ, ನಾನು ಬರೆದದ್ದಲ್ಲ, ಆದರೆ ನನಗೆ ಗೊತ್ತು, ಈ ದನಿಯ ಏರಿಳಿತ ನನ್ನ ಬಲಗಿವಿಗೆ ಗೊತ್ತು, ಬಲಗಿವಿಗೆ ಮಾತ್ರ — ಅಯ್ಯೋ ಶಿವನೇ. ನನ್ನವಳು ಎಳೆ ಎಣಿಸುತ್ತಾಳೆ ಎಂದುಕೊಂಡಿದ್ದೆ. ಸೀರೆಯ ಅಂಚಿಗೆ ಬೇರೆ ಬಣ್ಣ ಬೇಕಾದಾಗ ಮಗ್ಗಕ್ಕೆ ಇಬ್ಬರು ಬೇಕು, ಒಡಲಿನ ಲಾಳಿ ನನ್ನದು, ಬಲಬದಿಯಲ್ಲಿ ಕೂತು ಅಂಚಿನ ಲಾಳಿ ನೂಕುವುದು ಅವಳದು, ಅವಳು ನೂಕುವಳು, ನಾನು ನನ್ನ ನೂಲನ್ನು ಅವಳ ನೂಲಿಗೆ ಸಿಕ್ಕಿಸಿ ಲಾಳಿಯನ್ನು ಅವಳಿಗೇ ತಿರುಗಿ ಕಳಿಸುವೆ, ಅದಕ್ಕೆಂದು ಅವಳ ಅಂಗೈ ತೆರೆದು ಕಾಯುತ್ತಿತ್ತು, ಕುಂಕುಮದ ಬಣ್ಣ ಹತ್ತಿದ ಬೆರಳು, ಆ ಹೊತ್ತಿನಲ್ಲಿ ಬಾಯೊಳಗೇ ಏನೋ ಗುನುಗುತ್ತಿದ್ದಳು, ಮಗ್ಗದ ಹಣಿಗೆಯ ಬಡಿತದಲ್ಲಿ ಅರ್ಧ ಕೇಳಿಸಿದರೆ ಅರ್ಧ ಇಲ್ಲ, ಅಂಚಿನವರು ಎಳೆ ಎಣಿಸುವುದು ವಾಡಿಕೆ, ನನ್ನ ತಾಯಿಯೂ ಎಣಿಸುತ್ತಿದ್ದಳು, ಇವಳೂ ಎಣಿಸುತ್ತಾಳೆ ಎಂದುಕೊಂಡೆ, ಕಿವಿಗೊಟ್ಟು ಕೇಳಲಿಲ್ಲ, ಆದರೆ ನಿಂತೆನಲ್ಲ, ಪ್ರತಿ ಸಾಲಿಗೂ ಅವಳು ಮುಗಿಸುವವರೆಗೆ ನಿಂತೆನಲ್ಲ, ಅವಳಿಲ್ಲದ ಮಕ್ತಲ್ ಡೇರೆಯಲ್ಲೂ ನಿಂತೆ. ಯಾರಿಗಾಗಿ ನಿಂತಿದ್ದೇನೆಂದು ಗೊತ್ತಿಲ್ಲದೆ ನಿಂತೆ.

ಅವಳು ಕೇಳಿದ್ದಳು, ಅದು ಈಗ ನೆನಪಾಗುತ್ತಿದೆ, ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಮಕ್ತಲ್‌ಗೆ ಹೊರಟ ದಿನ ಬುತ್ತಿ ಕಟ್ಟುತ್ತ ಕೇಳಿದ್ದಳು, ಏನ್ರೀ, ಅಲ್ಲೆ ಅಂಚು ಯಾರು ಹಾಕ್ತಾರ್ರೀ. ನಾನು ನಕ್ಕೆ, ಹುಚ್ಚೀ, ನಾಟಕದಾಗ ಖರೇ ಮಗ್ಗ ಇರಂಗಿಲ್ಲ. ಹೌದೇನ್ರೀ, ಎಂದಳು, ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿದಳು, ಅಷ್ಟೇ. ತಿರುಗಿ ಬಂದ ಮೇಲೆ ಮಗ್ಗದ ಮುಂದೆ ಹಾಡಬಾರದು ಎಂದೆ, ಇನ್ನು ಮುಂದೆ ಈ ಮನೆಯಲ್ಲಿ ಹಾಡು ಬೇಡ ಎಂದೆ, ಹಾಡಿಲ್ಲಾಂದ್ರ ಅಂಚು ಹೆಂಗ ಕೂಡತೈತ್ರೀ, ಎಂದಳು, ನನ್ನನ್ನು ಹಂಗಿಸುತ್ತಿದ್ದಾಳೆಂದು ಮೂರು ದಿನ ಮಾತು ಬಿಟ್ಟೆ. ಹಂಗಿಸಿದ್ದಲ್ಲ, ಕೇಳಿದ್ದು. ಪೂಜೆಗೆ ಕೂತಾಗ ಅಂಗೈಯಲ್ಲಿ ಲಿಂಗ ಹಿಡಿದು ನೀನೇ ಎಲ್ಲಾ ನೀನೇ ಎಲ್ಲಾ ಎನ್ನುತ್ತಿದ್ದೆ, ಪಕ್ಕದ ಅಂಗೈ ಕಾಣಲಿಲ್ಲ. ಅವಳ ಸಾಲುಗಳು ಎಲ್ಲಿ ಉಳಿದವು ಹಾಗಾದರೆ, ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಬರುತ್ತಿದ್ದ ನರಸಯ್ಯನ ಈ ಹುಡುಗಿಯ ಹತ್ತಿರ, ಹಿತ್ತಲಲ್ಲಿ ರಾಟೆಯ ಸದ್ದಿನ ಜೊತೆ ಇಬ್ಬರೂ ಏನೋ ಹಾಡುತ್ತಿದ್ದರು, ನಾನು ಕೆಮ್ಮಿದರೆ ನಿಲ್ಲಿಸುತ್ತಿದ್ದರು, ನಾನು ಕೆಮ್ಮುತ್ತಿದ್ದೆ. ಉಡುವವನು ನೀನೊಬ್ಬನೇ ಶಿವನೇ, ಗಣೇಶ ನಿಂತ, ಕೋಣೆಯೆಲ್ಲ ನಿಂತಿತು, ಬುಗ್ಗಮ್ಮ ಎಲೆ ಮೆಲ್ಲುವುದನ್ನು ನಿಲ್ಲಿಸಿದಳು, ನವನೀತಾ ಕೈ ಚಾಚಿ ಹಾಡಿದಳು, ನೇಯುವವರು ನಾವಿಬ್ಬರೋ.

ಚಪ್ಪಾಳೆ, ಒನ್ಸ್ ಮೋರ್ ಎನ್ನುತ್ತಿದ್ದಾರೆ, ನನ್ನ ನಾಟಕಕ್ಕೆ ಒನ್ಸ್ ಮೋರ್, ಬುಗ್ಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮೊಣಕಾಲು ತಿವಿಯುತ್ತಾಳೆ, ದೇವೇಂದ್ರಣ್ಣಾ, ಇಂಥಾ ಹಾಡು ಹೊಟ್ಟ್ಯಾಗ ಇಟ್ಕೊಂಡು ಇಷ್ಟು ದಿನ ಜ್ವಾಳ ಹೆಂಗ ಉಂಡ್ಯೋ. ಹೇಗೆ ಉಂಡೆ. ನೆಲದಲ್ಲಿ ಬಿರುಕಿದೆಯೇ ಎಂದು ಜಮಖಾನೆಯನ್ನು ನೋಡುತ್ತೇನೆ. ಮಕ್ತಲ್‌ನಲ್ಲಿ ನಕ್ಕಾಗ ಮುಖ ಸುಟ್ಟಿತ್ತು, ಆದರೆ ಆ ನಗೆ ನನ್ನದಾಗಿತ್ತು, ನನಗೆ ಸಲ್ಲಬೇಕಾದ್ದೇ, ಈ ಚಪ್ಪಾಳೆ ಕದ್ದ ಮಾಲಿನಂತೆ ಕೈಯಲ್ಲಿ ಕೂತಿದೆ, ಎಲ್ಲಿಡಲಿ. ಪರಮೇಶ ಮೈಕು ಹಿಡಿದಿದ್ದಾನೆ, ಮಾತು ನಮ್ಮ ಕಾಕಾಂದು, ಮಟ್ಟು ನಮ್ಮ ಕಾಕಾಂದು, ಎಲ್ಲಾ ಅವರೊಬ್ಬರದ್ದೇ, ಬರ್ರಿ ಕಾಕಾ. ಎದ್ದೆ, ಕಾಲು ತಾವೇ ಎದ್ದವು, ಶಾಲು ಹೊದಿಸಿದರು, ಹೊಸ ಬಟ್ಟೆಯ ಗಂಜಿಯ ವಾಸನೆ, ನವನೀತಾ ಕಾಲು ಮುಟ್ಟಿ ಮೆಲ್ಲಗೆ ಕೇಳಿದಳು, ತಾತಾ, ಅಮ್ಮಮ್ಮ ಕಲಿಸಿದಂಗ ಹಾಡೀನಿ, ತಪ್ಪಾತೇನ್ರೀ. ತಲೆಯಾಡಿಸಿದೆ, ಇಲ್ಲ ಎಂದೋ ಹೌದು ಎಂದೋ ಅವಳಿಗೆ ತಿಳಿದಿರಲಾರದು, ನನಗೂ ತಿಳಿಯಲಿಲ್ಲ.

ಮೈಕು ಬಾಯಿಯ ಹತ್ತಿರ ಬಂತು. ಅಂಚು ನಂದಲ್ಲ, ಎಂದೆ. ನನ್ನ ದನಿ ಗೋಡೆಗೆ ಬಡಿದು ಬಂತು, ಅಂಚು ನಂದಲ್ಲ. ಜನ ಒಂದು ಕ್ಷಣ ನೋಡಿದರು, ಆಮೇಲೆ ಮೊದಲಿಗಿಂತ ಜೋರಾಗಿ ಚಪ್ಪಾಳೆ, ಪರಮೇಶ ನಗುತ್ತಾನೆ, ನೋಡ್ರಿ, ದೊಡ್ಡೋರ ವಿನಯ ಅಂದ್ರ ಇದು, ಎಲ್ಲಾ ಶಿವಂದೇ ಅಂತಾರ. ಶಿವನದಲ್ಲಪ್ಪಾ, ಶಿವನ ಹೆಸರು ಹೇಳಿ ಹೇಳಿಯೇ ನಾನು ಇಲ್ಲಿಗೆ ಬಂದು ನಿಂತದ್ದು, ಹೆಸರು ಹೇಳಬೇಕು, ಅವಳ ಹೆಸರು, ಒಂದೇ ಹೆಸರು, ಆದರೆ ನಮ್ಮಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯುವುದಿಲ್ಲ, ಮದುವೆಯಲ್ಲಿ ಹೆಣ್ಣುಮಕ್ಕಳು ಬಾಗಿಲು ಅಡ್ಡಗಟ್ಟಿ ಹೆಸರು ಸೇರಿಸಿ ಒಡಪು ಹೇಳಿಸಿದಾಗ ಒಮ್ಮೆ ಹೇಳಿದ್ದೆ, ಗಂಗಾಂಬಿಕಾ, ಆಮೇಲೆ ಬದುಕೆಲ್ಲ ಏ ಇಲ್ಲಿ ನೋಡು, ಏ ಇವಳೇ, ಮಣ್ಣು ಕೊಡುವಾಗಲೂ ಹೆಸರು ಅಯ್ಯನವರೇ ಹೇಳಿದರು. ಈಗ ಹೇಳು, ಗಂಟಲಲ್ಲಿ ಗ ಎಂದು ಒಂದು ಉಸಿರು, ಹಾರ್ಮೋನಿಯಂನ ತೂತಿನ ಗಾಳಿಯಂತೆ, ಮುಂದೆ ಬರುತ್ತಿಲ್ಲ, ಚಪ್ಪಾಳೆ ತಣ್ಣಗಾಯಿತು, ಎಲ್ಲರೂ ಕಾಯುತ್ತಿದ್ದಾರೆ, ಸಾಲು ಮುಗಿದಿದೆ, ನಾನು ನಿಂತಿದ್ದೇನೆ, ಹಿಂದಿನಿಂದ ಯಾರೋ ಮೆತ್ತಗೆ, ಪಾಪ, ಮರ್ಚಿಪೋಯಿಂಡು, ಯಾರೂ ನಗಲಿಲ್ಲ, ಈ ಸಲ ಯಾರೂ ನಗಲಿಲ್ಲ, ಹೇಳಣ್ಣಾ, ಬುಗ್ಗಮ್ಮ ಕೂಗುತ್ತಾಳೆ, ಏನರ ಒಂದು ಹೇಳಣ್ಣಾ — ಹೇಳುತ್ತೇನೆ, ಮೊದಲು ಅವಳು ಮುಗಿಸಲಿ, ಲಾಳಿ ಇನ್ನೂ ನನ್ನ ಕೈಯಲ್ಲೇ ಇದೆ, ತಿರುಗಿ ಕಳಿಸಿಲ್ಲ, ಬಲಗಡೆ, ಮಗ್ಗದ ಅಂಚಿನಲ್ಲಿ, ಬೆರಳಿಗೆ ಕುಂಕುಮದ ಬಣ್ಣ, ತೆರೆದ ಅಂಗೈ