ಹನ್ನೊಂದನೆಯ ಪಾಠ

ಬೇವಿನೆಲೆ ಅರೆದ ವಾಸನೆ ಬಂದರೆ ನನಗೆ ಈಗಲೂ ತಮ್ಮನ ಮುಖ ಕಣ್ಣಿಗೆ ಕಟ್ಟುತ್ತದೆ. ಅವನಿಗೆ ಎರಡು ವರ್ಷ ತುಂಬಿದ ಮೇಲೆ ಅಮ್ಮ ಬೇವನ್ನು ನುಣ್ಣಗೆ ಅರೆದು ಎದೆಗೆ ಹಚ್ಚಿಕೊಂಡಿದ್ದಳು. ಅವನು ಓಡಿಬಂದು ಬಾಯಿ ಹಾಕಿದ, ಮುಖ ಕಿವುಚಿದ, ಅಮ್ಮನನ್ನು ಒಮ್ಮೆ ನೋಡಿದ. ಮತ್ತೆ ಯಾವತ್ತೂ ಕೇಳಲಿಲ್ಲ. ಹಾಲು ಬಿಡಿಸುವುದೆಂದರೆ ಆಗ ಅಷ್ಟೇ.

ಅದೇ ವಾಸನೆ ಅರುವತ್ತು ವರ್ಷ ಕಳೆದು ಪುತ್ತೂರಿನ ತರಬೇತಿ ಕೇಂದ್ರದಲ್ಲಿ ಬಂತು. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೆ ಅಲ್ಲಿ ಮೂರು ತಿಂಗಳ ಕೋರ್ಸು. ಕಾಲೇಜಿನಿಂದ ನಿವೃತ್ತಳಾದ ಮೇಲೆ ವಾರಕ್ಕೆ ಎರಡು ದಿನ ನಾನು ಅಲ್ಲಿ ಕಲಿಸುತ್ತೇನೆ. ಪಾಠಗಳನ್ನು ಬರೆದುಕೊಟ್ಟವಳೂ ನಾನೇ. ಹನ್ನೊಂದನೆಯದರಲ್ಲಿ ಒಂದು ಸಾಲಿದೆ: ‘ಮಗು ತಾಯಿಗಿಂತ ಹೆಚ್ಚು ನಿಮ್ಮನ್ನು ಹಚ್ಚಿಕೊಳ್ಳದಂತೆ ನೋಡಿಕೊಳ್ಳಿ.’ ಹೇಗೆ ಎಂದು ಬರೆದಿಲ್ಲ. ನನಗೆ ಗೊತ್ತಿರಲಿಲ್ಲ.

ಸುಳ್ಯದ ಕಡೆಯ ದಮಯಂತಿ ಆ ಪಾಠದಲ್ಲಿ ಸೋತು ವಾಪಸು ಬಂದವಳು. ಪುತ್ತೂರಿನಲ್ಲಿ ಬ್ಯಾಂಕಿನ ಕೆಲಸದ ಅನಘಾಳ ಮನೆಯಲ್ಲಿ, ಮಗು ಸಾಕ್ಷಿಗೆ ಮೂರು ತಿಂಗಳಾದಾಗಿನಿಂದ ಇದ್ದಳು. ಒಂದೂಕಾಲು ವರ್ಷದ ಮಗು ಈಗ ದಮಯಂತಿಯನ್ನು ‘ಅವ್ವ’ ಎನ್ನುತ್ತಿತ್ತು, ತಾಯಿಯ ಕೈಯಿಂದ ಉಣ್ಣುತ್ತಿರಲಿಲ್ಲ. ಅನಘಾ ದೂರು ಕೊಟ್ಟಳು. ಹದಿನೈದು ದಿನ ಮತ್ತೆ ತರಬೇತಿ, ಕೊನೆಗೆ ಎಲ್ಲರೆದುರು ಪರೀಕ್ಷೆ. ಪಾಸಾದರೆ ಅದೇ ಮನೆಗೆ, ಇಲ್ಲದಿದ್ದರೆ ಇಲ್ಲ.

“ಬೇರೆ ಮನೆ ಕೊಡಿಸುತ್ತೇನೆ” ಎಂದೆ ನಾನು.

“ಬೇಡ ಟೀಚರೇ. ದಿನಾ ಆ ಮಗುವನ್ನು ನೋಡ್ಲಿಕ್ಕೆ ಸಿಕ್ಕಿದ್ರೆ ಸಾಕು. ಅದು ನನ್ನನ್ನು ಎಂತ ಕರೆದರೂ ಸರಿ, ಕರೆಯದಿದ್ರೂ ಸರಿ.”

ಪರೀಕ್ಷೆಯ ದಿನ ಕೇಂದ್ರ ನಡೆಸುವ ಜಯಪ್ರಕಾಶ್ ಚಾಪೆ ಹಾಸಿಸಿದರು. ಒಂದು ತುದಿಯಲ್ಲಿ ಅನಘಾ, ಇನ್ನೊಂದು ತುದಿಯಲ್ಲಿ ದಮಯಂತಿ, ನಡುವೆ ಮಗು. ಮಗು ತಾಯಿಯ ಕಡೆ ಹೋದರೆ ಪಾಸು.

“ಹಗ್ಗಜಗ್ಗಾಟಕ್ಕೆ ಹಗ್ಗ ಎಲ್ಲುಂಟು ಸರ್?” ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು. ನಶೀದಾ ಎಂಬ ಹುಡುಗಿ ಮಾತ್ರ ಎದ್ದುಹೋಗಿ ಮಗುವಿನ ಕಡೆಗೆ ಫ್ಯಾನು ತಿರುಗಿಸಿ ಬಂದಳು.

“ಇಷ್ಟು ಸಣ್ಣ ಮಗುವಿಗೆ ಪರೀಕ್ಷೆಯಾ ಜಯಪ್ರಕಾಶ್?” ಎಂದೆ.

“ಮಗುವಿಗೆ ಅಲ್ಲ ಟೀಚರೇ, ದಮಯಂತಿ ಅಕ್ಕನಿಗೆ. ಅವರು ಅಮ್ಮ ಅಲ್ಲ ಮಾರಾಯ್ರೆ, ಸ್ಟಾಫು. ನಿಮ್ಮದೇ ಪಾಠ ಅಲ್ವಾ?”

ನಾನು ಹೋಗಿ ದಮಯಂತಿಯ ಪಕ್ಕದಲ್ಲಿ ಕೂತೆ.

ಸಾಕ್ಷಿ ಎರಡೂ ಕಡೆ ನೋಡಿದಳು. “ಅವ್ವಾ!” ಎಂದು ಕೂಗಿ, ಬೀಳುತ್ತ ಏಳುತ್ತ ದಮಯಂತಿಯ ಮಡಿಲಿಗೆ ಹೋಗಿ ಬಿದ್ದಳು. ಅನಘಾ ತಲೆ ತಗ್ಗಿಸಿದಳು. ಆ ಮಗುವಿಗೆ ಒಂದು ಅಭ್ಯಾಸ: ಮಡಿಲಲ್ಲಿ ಕೂತ ಕೂಡಲೇ ದಮಯಂತಿಯ ಬಲಗೈ ಹೆಬ್ಬೆರಳು ಬಾಯಿಗೆ ಬೇಕು. ದಮಯಂತಿ ಕೊಟ್ಟಳು. ಬೆರಳಿನ ಸಂದಿಯಲ್ಲಿ ತುಸು ಹಸಿರು. ಪಕ್ಕದಲ್ಲಿದ್ದ ನನಗೆ ಆಗ ಬೇವಿನ ವಾಸನೆ ಬಡಿಯಿತು.

ಮಗು ಮುಖ ಕಿವುಚಿತು. ಬೆರಳನ್ನು ನೋಡಿತು, ಮತ್ತೆ ದಮಯಂತಿಯನ್ನು ನೋಡಿತು.

“ಹೋಗು” ಎಂದಳು ದಮಯಂತಿ. “ನನಗೆ ಬೇಡ ನೀನು. ಹೋಗು.”

ಮಗು ಚೀರಿಕೊಂಡು ಅಂಬೆಗಾಲಿಕ್ಕಿ ತಾಯಿಯ ಹತ್ತಿರ ಹೋಯಿತು, ಅವಳ ಕುತ್ತಿಗೆಗೆ ಜೋತುಬಿತ್ತು.

“ಪಾಸ್!” ಎಂದು ಜಯಪ್ರಕಾಶ್ ಚಪ್ಪಾಳೆ ತಟ್ಟಿದರು. “ಕಲಿತರಲ್ಲ ಕೊನೆಗೆ!”

ಅನಘಾ ಮಗುವಿನ ಬೆನ್ನು ಸವರುತ್ತಲೇ ಇದ್ದಳು. ಅಷ್ಟು ಬೆಳಗಿದ ಮುಖ ಅವಳದ್ದು ನಾನು ಕಂಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ ಹೇಳಿದಳು: “ಅಲ್ಲ ಸರ್, ಮಗು ನಡುಗ್ತಾ ಉಂಟು ನೋಡಿ. ಇಷ್ಟು ಹೆದರುದಾದ್ರೆ ಇವರನ್ನು ಮನೆಯಲ್ಲಿ ಇಟ್ಟುಕೊಳ್ಳುದು ಹೇಗೆ? ಬೇರೆ ಯಾರನ್ನಾದ್ರೂ ಕಳಿಸಿ.”

“ಅದೂ ಸರಿಯೇ ಮೇಡಂ” ಎಂದರು ಜಯಪ್ರಕಾಶ್. “ನಾಳೆಯೇ ಕಳಿಸುವ.”

ಬೇವಿನ ವಿಷಯ ಹೇಳಲು ನಾನು ಬಾಯಿ ತೆರೆದೆ. ದಮಯಂತಿ ನನ್ನನ್ನೇ ನೋಡುತ್ತಿದ್ದಳು. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ತಾಯಿಯನ್ನು ಕೇಳದೆ ಮಗುವಿನ ಬಾಯಿಗೆ ಏನೇ ಹೋದರೂ ಪ್ರಮಾಣಪತ್ರ ರದ್ದು. ಆ ನಿಯಮ ಬರೆದವಳೂ ನಾನೇ. ಆಮೇಲೆ ಅವಳಿಗೆ ಯಾವ ಮನೆಯೂ ಸಿಗುವುದಿಲ್ಲ. ಬಾಯಿ ಮುಚ್ಚಿ, ಜಯಪ್ರಕಾಶ್ ಚಾಚಿದ ಹಾಳೆಯಲ್ಲಿ ‘ಉತ್ತೀರ್ಣ’ ಎಂದು ಬರೆದು ಸಹಿ ಹಾಕಿದೆ.

ಅನಘಾ ಹೊರಟು ನಿಂತಳು. ಮಗು ಹಸಿದು ರಚ್ಚೆ ಹಿಡಿದಿತ್ತು. ಈ ಹದಿನೈದು ದಿನದಲ್ಲಿ ಅದು ಸರಿಯಾಗಿ ಉಂಡಿಲ್ಲವೆಂದು ಬಂದಾಗಲೇ ಹೇಳಿದ್ದಳು. ದಮಯಂತಿ ಚೀಲದಿಂದ ಒಂದು ಫ್ಲಾಸ್ಕು ತೆಗೆದಳು. ಒಳಗೆ ರಾಗಿ ಮಣ್ಣಿ, ಮಕ್ಕಳಿಗೆ ಉಣಿಸುವ ಗಂಜಿ; ಮೊದಲ ಬಸ್ಸು ಹಿಡಿಯುವ ಮುಂಚೆ ಮಾಡಿ ತಂದದ್ದಂತೆ, ಬೆಲ್ಲ ಕಡಿಮೆ ಹಾಕಿ, ಮಗುವಿಗೆ ಬೇಕಾದ ಹಾಗೆ. ಬಲಗೈಯನ್ನು ಸೆರಗಿನಿಂದ ಹೊರತೆಗೆಯದೆ, ಮಗುವಿನ ಕಣ್ಣಿಗೆ ಬೀಳದಂತೆ ಅನಘಾಳ ಹಿಂದಿನಿಂದ ಬಂದು, ಎಡಗೈಯಲ್ಲಿ ಚಾಚಿದಳು.

“ಎಂತ, ಎಡಗೈಯಲ್ಲಿ ಕೊಡುದಾ? ಅದನ್ನೂ ಕಲಿಸಬೇಕಾ ನಿಮಗೆ?” ಎಂದರು ಜಯಪ್ರಕಾಶ್.

ಅನಘಾ ತೆಗೆದುಕೊಳ್ಳುವವರೆಗೂ ದಮಯಂತಿ ಕೈ ಚಾಚಿಯೇ ನಿಂತಿದ್ದಳು.