ಇಲ್ಲಿ ಆಡಿದ್ದು ಇಲ್ಲೇ

ಐದನೆಯ ಪ್ರಶ್ನೆಗೆ ಬಂದ ಕೂಡಲೇ ಅಜಿತ್ ಕಾರ್ಡನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡ. ಪಕ್ಕದಲ್ಲಿದ್ದ ರವಿಕಿರಣ್, ಹುಷಾರಿಲ್ಲವೆಂದು ಆಫೀಸಿಗೆ ಸುಳ್ಳು ಹೇಳಿ ಮಲಗಿದ್ದನ್ನು ಆಗಲೇ ಒಪ್ಪಿಕೊಂಡು, ಹಗುರಾಗಿ ಬಿಸ್ಕತ್ತು ತಿನ್ನುತ್ತಿದ್ದ. ಸುಮತಿ ಕಾದಳು. ಕಾಯುವುದನ್ನು ಅವಳು ಮೂರು ದಿನದ ತರಬೇತಿಯಲ್ಲಿ ಕಲಿತು ಸರ್ಟಿಫಿಕೇಟು ತಂದಿದ್ದಳು.

ವೆಸ್ಟ್ ಮಾಂಬಲಂನ ತಮಿಳು ಚರ್ಚಿನವರು ಮಧ್ಯಾಹ್ನ ಮೂರರ ಮೇಲೆ ಬಿಟ್ಟುಕೊಡುವ ಹಾಲಿನಲ್ಲಿ ಕನ್ನಡ ಸಭೆ ಸೇರುತ್ತಿತ್ತು. ಒಟ್ಟು ನಲವತ್ತು ಮನೆ. ಯೌವನಸ್ಥರು ಮೂರು ಮೂರು ಜನ ಕೂತು ವಾರಕ್ಕೊಮ್ಮೆ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸಬೇಕು ಎಂಬುದು ಸುಮತಿಯ ಆಲೋಚನೆ; ಈ ಗುಂಪಿನ ಮೂರನೆಯವಳು ಅವಳೇ. ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕಳೆದು, ಜನ ಸತ್ತ ಮೇಲೂ ಸುಳ್ಳು ಹೇಳುವುದನ್ನು ಕಂಡವಳು ಅವಳು. ಕಾರ್ಡಿನಲ್ಲಿ ಐದು ಪ್ರಶ್ನೆ. ಕೊನೆಯದು: ಯಾವ ಸುಳ್ಳನ್ನು ಇನ್ನೂ ಹೊತ್ತುಕೊಂಡು ತಿರುಗುತ್ತಿದ್ದೀಯ? ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವಳೇ ಬರೆದಿದ್ದಳು: ಇಲ್ಲಿ ಆಡಿದ್ದು ಇಲ್ಲೇ.

ಅಜಿತನ ತಾಯಿ ತೀರಿಕೊಂಡ ಕಥೆ ಸಭೆಗೆಲ್ಲ ಬಾಯಿಪಾಠವಾಗಿತ್ತು. ನಾಲ್ಕು ವರ್ಷದ ಹಿಂದೆ, ಕೀಲ್ಪಾಕಿನ ಆಸ್ಪತ್ರೆಯಲ್ಲಿ, ಮಗನ ಕೈ ಹಿಡಿದುಕೊಂಡು, ಬೈಬಲಿನ ಒಂದು ಕೀರ್ತನೆಯನ್ನು ಪೂರ್ತಿ ಹೇಳಿ ಆಕೆ ಕಣ್ಣು ಮುಚ್ಚಿದರು. ರೈಲ್ವೆಯಿಂದ ರಿಟೈರಾದ ಅವನ ಅಪ್ಪ ಸ್ಯಾಮುವೆಲ್ ಅಂದಾನಿಯವರು ಪ್ರತಿವರ್ಷ ನೆನಪಿನ ಆರಾಧನೆಯಲ್ಲಿ ಎದ್ದು ನಿಂತು ಇದನ್ನು ಸಾಕ್ಷಿ ಹೇಳುತ್ತಿದ್ದರು. ಎರಡನೆಯ ವರ್ಷದ ಸಾಕ್ಷಿಯಲ್ಲಿ ಆಕೆ ಮುಗುಳ್ನಕ್ಕಿದ್ದರು. ಕಳೆದ ವರ್ಷ ಹಾಡಿಯೂ ಇದ್ದರು.

"ನಾ ಅಲ್ಲಿ ಇರಲೇ ಇಲ್ಲ ಅಕ್ಕಾ," ಅಂದ ಅಜಿತ್. "ಕೆಳಗ ಟೀ ಅಂಗಡಿ ಮುಂದ ಮ್ಯಾಚ್ ನೋಡ್ಕೋತ ನಿಂತಿದ್ದೆ. ಮ್ಯಾಲ ಬರೂದ್ರಾಗ ಮುಖಕ್ಕ ಬಟ್ಟಿ ಹೊಚ್ಚಿದ್ರು. ಅಪ್ಪಗ ತಿಳಿದ್ರ ನಾ ಮನ್ಯಾಗ ಇರಾಕ ಆಗೂದಿಲ್ಲ. ದೇವರಾಣಿ, ಯಾರಿಗೂ ಹೇಳಬ್ಯಾಡ್ರಿ."

ಸುಮತಿ ಕೆಂಪಕ್ಷರದ ಮೇಲೆ ಬೆರಳಿಟ್ಟು ತೋರಿಸಿದಳು. ರವಿಕಿರಣ್ ಬಿಸ್ಕತ್ತನ್ನು ಕೆಳಗಿಟ್ಟ.

ಅವಳು ಮಾತು ಮುರಿಯಲಿಲ್ಲ. ಬುಧವಾರ ಮಹಿಳಾ ಕೂಟದಲ್ಲಿ ಪ್ರಾರ್ಥಿಸಿದಳು, ಅಷ್ಟೆ. ಅಲ್ಲಿ ಪ್ರತಿಯೊಬ್ಬರೂ ಒಂದೊಂದು ಪ್ರಾರ್ಥನೆಯ ವಿಷಯ ಕೊಡಬೇಕು. ಹಿರಿಯರಾದ ನಾಗರತ್ನಮ್ಮ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಸುಮತಿಯ ಮೊಣಕಾಲು ನೋವು ಆ ಪುಸ್ತಕದಲ್ಲಿ ಆಗಲೇ ಹನ್ನೊಂದು ಸಲ ಬಂದುಹೋಗಿತ್ತು. ಶನಿವಾರದಿಂದ ಹುಡುಗನ ಮುಖ ಕಣ್ಣ ಮುಂದಿತ್ತು. ತಾಯಿಯ ಕೊನೆಗಳಿಗೆಯಲ್ಲಿ ಹತ್ತಿರವಿರದೆ, ಇದ್ದೆನೆಂದು ಹೇಳಿಕೊಂಡ ಒಬ್ಬ ಯೌವನಸ್ಥನಿಗಾಗಿ ಬೇಡಿಕೊಳ್ಳಿ ಅಂದಳು. ಹೆಸರು ಹೇಳಲಿಲ್ಲ.

"ಕೀಲ್ಪಾಕ್ ಆಸ್ಪತ್ರಿ ಏನ್ರಿ?" ಎಂದು ಕೇಳಿದರು ನಾಗರತ್ನಮ್ಮ.

ಸುಮತಿ ಸುಮ್ಮನಿದ್ದಳು. ನಾಗರತ್ನಮ್ಮ ಅದನ್ನೂ ಬರೆದುಕೊಂಡರು.

ಆ ವಾರ ನಲವತ್ತು ಮನೆಯಲ್ಲೂ ಭಾರಿ ಪ್ರಾರ್ಥನೆ ನಡೆಯಿತು, ಹೆಚ್ಚಾಗಿ ಫೋನಿನಲ್ಲಿ. ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಹೆಂಗಸು ಅಪ್ಪನ ಎದುರಿನಲ್ಲೇ ಅಜಿತನ ಎರಡೂ ಕೈ ಹಿಡಿದು, ನಿಮ್ಮವ್ವ ಯಾವತ್ತೋ ಕ್ಷಮಿಸ್ಯಾಳಪ್ಪಾ ಎಂದು ಅತ್ತಳು. ಅಂದಾನಿಯವರು ನೆಲ ನೋಡಿದರು. ಅಜಿತ್ ಹಾಲಿನ ಆ ತುದಿಯಲ್ಲಿದ್ದ ಸುಮತಿಯನ್ನು ನೋಡಿದ. ಕೈ ಬಿಡಿಸಿಕೊಂಡು ಹೊರಗೆ ಹೋದವನು ಸಂಜೆಯೊಳಗೆ ಒಂದು ಬ್ಯಾಗಿನೊಂದಿಗೆ ಗಿಂಡಿ ಬಡಾವಣೆಯಲ್ಲಿದ್ದ ಯಾರದೋ ರೂಮು ಸೇರಿದ. ಫೋನು ಆರಿಸಿದ.

ಶನಿವಾರ ಸುಮತಿ ಮೂರು ಕುರ್ಚಿ ಹಾಕಿ ಕೂತಳು. ರವಿಕಿರಣ್ ಬರಲಿಲ್ಲ. ಬಂದವರು ಅಂದಾನಿ. ಮಗನ ಕುರ್ಚಿಯಲ್ಲಿ ಕೂತು ಕಾರ್ಡು ಕೇಳಿ ಇಸಿದುಕೊಂಡು, ಕನ್ನಡಕ ಏರಿಸಿ, ಐದೂ ಪ್ರಶ್ನೆ ಓದಿದರು. ಕೆಂಪಕ್ಷರವನ್ನು ಎರಡು ಸಲ ಓದಿದರು.

"ನನಗ ಆವತ್ತ ಗೊತ್ತಿತ್ತು ಸುಮತಿಬಾಯಾರ. ನರ್ಸಮ್ಮ ಫೋನ್ ಮಾಡಿದ್ಲು, ನಿಮ್ಮ ಮಗ ಎಲ್ಲಿ ಹೋಗ್ಯಾನ್ರಿ ಅಂತ. ನಾ ಓಡಿ ಬಂದ್ರ, ಕೈ ಹಿಡ್ಕೊಂಡಿದ್ದೆ ಅಪ್ಪಾ ಅಂದ. ಹೂಂ ಅಂದೆ."

"ಮತ್ತ ಆ ಕೀರ್ತನಿ?"

"ಅದು ನಂದು. ಅಂವ ಕೈ ಹಿಡಿದದ್ದಷ್ಟ ಹೇಳಿದ್ದು. ಉಳದದ್ದು ನಾ ಸೇರಿಸಿದೆ. ಮಂದಿ ನಂಬಿದ್ರ ಅಂವನೂ ನಂಬತಾನ ಅಂತ ಮಾಡಿದ್ದೆ."

ಅದನ್ನು ಅಜಿತನಿಗೆ ಹೇಳಿದಿರಾ ಎಂದು ಅವಳು ಕೇಳಿದಳು. ಫೋನು ಹೋಗುತ್ತಿಲ್ಲ, ಮೂರು ದಿನದಿಂದ ಗಿಂಡಿ ಸ್ಟೇಷನ್ನಿನಲ್ಲಿ ಇಳಿದು ಬರುವವರ ಮುಖ ನೋಡುತ್ತ ನಿಂತಿದ್ದೇನೆ ಅಂದರು. ತಾನು ಯಾರ ಹೆಸರೂ ಹೇಳಿರಲಿಲ್ಲ ಎಂದು ಸುಮತಿ ಶುರು ಮಾಡಿದಳು. ವಾರವಿಡೀ ಎಲ್ಲರಿಗೂ ಅದನ್ನೇ ಹೇಳಿದ್ದಳು. ಅಂದಾನಿ ಕಾರ್ಡನ್ನು ಅವಳತ್ತ ತಿರುಗಿಸಿ ಹಿಡಿದರು.

"ಐದನೇದ್ದು ಓದ್ರಿ. ಈಗ ನಿಮ್ಮ ಪಾಳಿ."

ಅವಳು ಬಾಯಿ ತೆರೆದಳು. ಆಗ ಬಾಗಿಲ ಕಡೆ ಚಪ್ಪಲಿ ಬಿಟ್ಟ ಸದ್ದಾಯಿತು. ನಾಗರತ್ನಮ್ಮ ಒಳಗೆ ಬರದೆ, ತೊಂದರೆ ಕೊಡಬಾರದೆಂದು ಹೊಸ್ತಿಲಲ್ಲೇ ನಿಂತಿದ್ದರು. ನೋಟ್‌ಬುಕ್ಕು ಬಿಚ್ಚಿತ್ತು. ಪೆನ್ನಿನ ಮುಚ್ಚಳ ತೆಗೆದಿತ್ತು.