ಏಳನೆಯ ಮೂಲೆ

"ಇಲ್ಲಿ ನಿಂತು ನೋಡಿ," ಎಂದು ಕೋನದ ಮೇಷ್ಟ್ರು ಛತ್ರಿಯ ತುದಿಯಿಂದ ತಿರುವು ತೋರಿಸಿದರು. "ಗಡಿಯಾರದ ಗೋಪುರದಿಂದ ಬಾಣ ಬಿಟ್ಟ ಹಾಗೆ ಬಂದ ರಸ್ತೆ ಇಲ್ಲಿ ಯಾಕೆ ಸೊಂಟ ಬಳುಕಿಸಿತು? ಗುಡ್ಡ ಇದೆಯಾ? ಹಳ್ಳ ಇದೆಯಾ?"

ಭಾನುವಾರ ಬೆಳಿಗ್ಗೆ ಎಂಟೂವರೆ. ಇಪ್ಪತ್ತೆರಡು ಜನ ಸೇರಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ರೇಖಾಗಣಿತ ಕಲಿಸಿದ ಮೇಷ್ಟ್ರು ಈಗ ವಾರಕ್ಕೊಮ್ಮೆ ಜನರನ್ನು ಊರು ಸುತ್ತಿಸುತ್ತಿದ್ದರು. ಊರಿನ ಏಳು ತಿರುವುಗಳನ್ನು ಸೇರಿಸಿದರೆ ಏಳು ಮೂಲೆಯ ನಕ್ಷತ್ರ ಬರುತ್ತದೆ, ಅದನ್ನು ಹಾಕಿದ್ದು ಒಂದು ಗುಪ್ತ ಸಂಘ, ಅದರವರು ಇಂದಿಗೂ ಕಚೇರಿಗಳಲ್ಲಿ ಕೂತಿದ್ದಾರೆ ಎಂಬುದು ಅವರ ವಾದ. ತಿರುವಿನ ಪಾದಚಾರಿ ದಾರಿಯ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದಿದ್ದರು. ಅದು ಏಳನೆಯ ಮೂಲೆ.

ವೃತ್ತದ ಪಕ್ಕ ಮಡಚುವ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಒಂದು ಕಾಲದಲ್ಲಿ ಅವಳ ಮನೆ ಅಲ್ಲೇ ಇತ್ತು. ಕುರ್ಚಿಯ ಹಿಂದೆ ತಗಡಿನ ಕೊಳವೆ ಹಿಡಿದು ನಿಂತವನು ಅವಳ ತಮ್ಮ, ನಗರದ ನಕ್ಷೆ ಕಚೇರಿಯ ನಿವೃತ್ತ ನಕ್ಷೆಗಾರ. ಕೊಳವೆಯಲ್ಲಿ ಆ ರಸ್ತೆಯ ಮೂಲ ಹಾಳೆ ಇತ್ತು. ಮೇಷ್ಟ್ರು ಬರೆಯುತ್ತಿದ್ದ ಪುಸ್ತಕಕ್ಕೆ ಬೇಕೆಂದು ಅಕ್ಕನೇ ತರಿಸಿದ್ದಳು.

"ಈ ರಸ್ತೆ ಬಂದಾಗ ಸಾಲಿನವರಿಗೆಲ್ಲ ಕಾಂಪೌಂಡ್ ಹೋಯ್ತು, ನಮಗೆ ಮನೇನೇ ಹೋಯ್ತು," ಎಂದು ಅಕ್ಕ ಜನರಿಗೆ ಹೇಳುತ್ತಿದ್ದಳು. "ಬಾಡಿಗೆ ಕೋಣೇಲಿ ಇವನ ಭಾವ ಒಂದು ವರ್ಷಾನೂ ಉಳೀಲಿಲ್ಲ. ನಮ್ಮದೇ ಯಾಕೆ ಅಂತ ಇವನನ್ನ ಕೇಳಿದೆ. 'ಅದೆಲ್ಲ ಮೇಲಿನವರದ್ದು ಅಕ್ಕಾ, ಹೆಸರು ಹೇಳೋ ಹಾಗಿಲ್ಲ' ಅಂದ. ಅಳ್ತಾ ಅಂದ. ಆಗ ಅರ್ಥ ಆಗ್ಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಆಯ್ತು."

"ಬರ್ಕೊಳ್ಳಿ," ಎಂದರು ಮೇಷ್ಟ್ರು. "ಕಚೇರಿ ಒಳಗಿನವರ ಮಾತು."

ಎಲ್ಲರೂ ತಮ್ಮನ ಕಡೆ ತಿರುಗಿದರು. "ಸಾರ್, ನೀವೂ ಆ ಸಂಘದಲ್ಲಿ ಇದ್ರಾ?" ಎಂದು ಒಬ್ಬಳು ಫೋನ್ ಹಿಡಿದಳು. "ಇದ್ರೆ ಹೇಳ್ತಾರೇನಮ್ಮ?" ಎಂದು ಹಿಂದಿನಿಂದ ಯಾರೋ ನಗಿಸಿದರು.

ಮೂವತ್ತೊಂದು ವರ್ಷದ ಹಿಂದೆ ಅವನು ಹಳೆಯ ಅಳತೆ ಹಾಳೆಯ ಮೇಲೆ ಹೊಸ ರಸ್ತೆಯ ಗೆರೆ ಎಳೆದಿದ್ದ. ಅಳೆದ ಬಿಂದುಗಳನ್ನು ಹಾಳೆಗೆ ಸೂಜಿ ಚುಚ್ಚಿ ಗುರುತಿಸುವುದು ಅಂದಿನ ಪದ್ಧತಿ. ಒಂದು ತೂತಿನಿಂದ ಇನ್ನೊಂದಕ್ಕೆ ಗೆರೆ ಹೋಗಬೇಕು. ಒಂದು ತೂತು ಮಾತ್ರ ಸಾಲು ಬಿಟ್ಟು ಒಂಬತ್ತು ಮಿಲಿಮೀಟರ್ ಆಚೆ ಇತ್ತು. ನೆಲದ ಮೇಲೆ ಅದು ಒಂಬತ್ತು ಮೀಟರ್, ಅಕ್ಕನ ಮನೆಯ ನಟ್ಟನಡುವೆ. ಅಕ್ಕನ ಮನೆಯೆಂದು ಗೆರೆ ತಿದ್ದಿದರೆ ನಾಳೆ ತಲೆ ಎತ್ತಿ ತಿರುಗುವುದು ಹೇಗೆ ಎಂದು ಎದೆ ಗಟ್ಟಿ ಮಾಡಿಕೊಂಡು ಶಾಯಿ ಹಾಕಿದ. ಆ ಪ್ರಾಮಾಣಿಕತೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಮನೆ ಕೆಡವಿದ ನಾಲ್ಕು ತಿಂಗಳ ಮೇಲೆ, ಬೇರೆ ಕೆಲಸಕ್ಕೆ ಅದೇ ಹಾಳೆ ಬಿಚ್ಚಿದಾಗ, ಭೂತಗನ್ನಡಿಯಲ್ಲಿ ಆ ತೂತು ಕಂಡಿತು. ಸೂಜಿಯ ತೂತಿಗೆ ಹಿಂಬದಿಯಲ್ಲಿ ಸಣ್ಣ ಅಂಚು ಎದ್ದಿರುತ್ತದೆ. ಇದಕ್ಕೆ ಇರಲಿಲ್ಲ. ಸುತ್ತ ಕಾಗದ ಸವೆದು ತೆಳ್ಳಗಾಗಿತ್ತು. ಅದು ಹುಳ ತಿಂದ ತೂತು.

ಹೋದ ವಾರ ಅಕ್ಕ, "ನಿಮ್ಮ ಭಾವ ಇದ್ದಿದ್ರೆ ಮೇಷ್ಟ್ರು ಹೇಳೋದನ್ನ ಕೇಳಿ ಎಷ್ಟು ಸಮಾಧಾನ ಪಡ್ತಿದ್ರೋ," ಅಂದಿದ್ದಳು.

ಕೊಳವೆಯಿಂದ ಹಾಳೆ ತೆಗೆದು ಬಿಚ್ಚಿದ. "ಸಂಘಾನೂ ಇಲ್ಲ, ನಕ್ಷತ್ರಾನೂ ಇಲ್ಲ," ಎಂದ. "ಈ ರಸ್ತೆ ಬಗ್ಗಿಸಿದವನು ನಾನು. ಇದು ಹುಳದ ತೂತು, ನಾನು ಸೂಜಿದು ಅಂದ್ಕೊಂಡೆ. ಮೇಲಿನವರು ಅಂದಿದ್ದು ಸುಳ್ಳು ಅಕ್ಕಾ. ತಪ್ಪು ನಂದು."

ಒಂದು ಬಸ್ಸು ತಿರುವಿನಲ್ಲಿ ಬ್ರೇಕು ಹಾಕಿ ವಾಲಿಕೊಂಡು ಹೋಯಿತು. ಮೇಷ್ಟ್ರು ಹಾಳೆಯ ಮೇಲೆ ಬಗ್ಗಿ ತೂತನ್ನು ನೋಡಿದರು, ಅಂಚನ್ನು ಉಗುರಿನಿಂದ ಸವರಿದರು. ಮುಖ ಅರಳಿತು.

"ಸರಿ, ಹುಳಾನೇ ಅಂತ ಇಟ್ಕೊಳ್ಳೋಣ. ಇಷ್ಟು ದೊಡ್ಡ ಹಾಳೆ ಬಿಟ್ಟು ಹುಳ ಇಲ್ಲೇ ಯಾಕೆ ತಿಂತು?"

ಗುಂಪಿನಲ್ಲಿ ಒಂದು ಉದ್ಗಾರ ಎದ್ದಿತು. ಪೆನ್ನುಗಳು ಓಡಿದವು.

ಅಕ್ಕ ಮಾತ್ರ ಮೇಷ್ಟ್ರನ್ನು ನೋಡಲಿಲ್ಲ. "ಕೊಡಿಲ್ಲಿ," ಎಂದು ಹಾಳೆ ಇಸಿದುಕೊಂಡು ಬಿಸಿಲಿಗೆ ಅಡ್ಡ ಹಿಡಿದಳು. ಅವಳ ಮಡಿಲ ತುಂಬ ಹಾಳೆಯ ನೆರಳು ಬಿತ್ತು. ನೆರಳಿನ ನಡುವೆ ಸಾಸಿವೆಯಷ್ಟು ಬೆಳಕು. ಅದನ್ನೇ ನೋಡುತ್ತ ಕೇಳಿದಳು, "ಭಾವನಿಗೆ ಗೊತ್ತಿತ್ತಾ?"

"ಇಲ್ಲ."

"ಆಗಲೇ ಹೇಳಿದ್ರೆ ಏನಾಗ್ತಿತ್ತು?"

"ಪರಿಹಾರಕ್ಕೆ ಅರ್ಜಿ ಹಾಕಬಹುದಿತ್ತು. ನನ್ನ ಕೆಲಸ ಹೋಗ್ತಿತ್ತು."

"ಹೂಂ." ಅವಳು ಹಾಳೆಯನ್ನು ಸ್ವಲ್ಪ ಓರೆ ಮಾಡಿದಳು. ಬೆಳಕು ಮಡಿಲಿನಿಂದ ಜಾರಿ ಮೊಣಕಾಲಿಗೆ ಬಂತು. "ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲ. ನಾನು ಸಾಯೋವರೆಗೂ ಮುಚ್ಕೊಂಡಿರೋಕೆ ಏನಾಗಿತ್ತು ನಿಂಗೆ?"

ಅವನು ಖಾಲಿ ಕೊಳವೆಗೆ ಮುಚ್ಚಳ ಹಾಕಿದ.

"ಬನ್ನಿ ಅಮ್ಮಾ, ಮುಖಪುಟದ ಫೋಟೋ," ಎಂದು ಮೇಷ್ಟ್ರು ಕರೆದರು. ಏಳಲು ಅವನು ಚಾಚಿದ ಕೈಯನ್ನು ಬಿಟ್ಟು ಅವಳು ಕುರ್ಚಿಯ ತೋಳು ಹಿಡಿದು ಎದ್ದಳು. ಹಾಳೆಯನ್ನು ಮೇಷ್ಟ್ರ ಕೈಗೆ ಕೊಟ್ಟಳು.

"ಸಾರ್, ನೀವೂ ಬನ್ನಿ ಪಕ್ಕಕ್ಕೆ," ಎಂದಳು ಫೋನಿನವಳು.

"ಅವನು ಬೇಡ," ಎಂದಳು ಅಕ್ಕ. "ಅವನಿಗೇನೂ ಗೊತ್ತಿಲ್ಲ. ಅಲ್ಲಿ ಬರೀ ಗೆರೆ ಎಳೀತಿದ್ದ."

ಸೀಮೆಸುಣ್ಣದ ವೃತ್ತದೊಳಗೆ ಎರಡು ಪಾದ ಜೋಡಿಸಿ ಅವಳು ನೆಟ್ಟಗೆ ನಿಂತಳು. ಫೋಟೋದಲ್ಲಿ ಬರುತ್ತದೆ, ಕುರ್ಚಿ ತೆಗೀರಿ ಎಂದು ಯಾರೋ ಹೇಳಿದರು. ಅವನು ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತ.